ಕ್ಲಾಸ್ ಇಲ್ಲದ ಭಾಷೆಗೆ ಕ್ಲಾಸ್ ಕಟ್ಟಿಕೊಟ್ಟವರು

ಕನ್ನಡ ವಿಕಿಪೀಡಿಯದಲ್ಲಿ ಒಂದು ಊರಿನದೋ ಸಾಹಿತಿಯದೋ ಪುಟ ತೆರೆದರೆ ಸಾಮಾನ್ಯವಾಗಿ ಬಲಬದಿಗೆ ಒಂದು ಮಾಹಿತಿ ಚೌಕ ಕಾಣುತ್ತದೆ. ಹುಟ್ಟಿದ ವರ್ಷ, ಜಿಲ್ಲೆ, ಜನಸಂಖ್ಯೆಗಳನ್ನು ಸಾಲಾಗಿ ಜೋಡಿಸಿ ಆ ಚೌಕ ಕಟ್ಟುವ ಕೆಲಸ ಲುವಾ ಎಂಬ ಪುಟ್ಟ ಸ್ಕ್ರಿಪ್ಟಿಂಗ್ ಭಾಷೆಯದು. 2013ರಿಂದ ವಿಕಿಪೀಡಿಯದ ಟೆಂಪ್ಲೇಟುಗಳ ಹಿಂದೆ ಅದು ದುಡಿಯುತ್ತಿದೆ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದ ಆಡ್‌ಆನ್‌ಗಳು, ಅಡೋಬಿ ಲೈಟ್‌ರೂಮ್‌ನ ದೊಡ್ಡ ಭಾಗ, 2024ರಲ್ಲಿ ಬಂದ ಬಲಾಟ್ರೊ ಎಂಬ ಇಸ್ಪೀಟಿನ ಆಟ ಕೂಡ ಲುವಾದಲ್ಲೇ ಬರೆದವು. ಇಷ್ಟೆಲ್ಲ ಕಡೆ ಬಳಕೆಯಲ್ಲಿರುವ ಭಾಷೆಯಲ್ಲಿ, ಜಾವಾ ಅಥವಾ ಪೈಥಾನ್ ಕಲಿತು ಬಂದವರು ಮೊದಲ ದಿನವೇ ಹುಡುಕುವ ಒಂದು ವಸ್ತು ಮಾತ್ರ ಇಲ್ಲ: ಕ್ಲಾಸ್.

ಲುವಾ ಹುಟ್ಟಿದ್ದು 1993ರಲ್ಲಿ, ಬ್ರೆಜಿಲ್‌ನ ರಿಯೊ ಡಿ ಜನೈರೊ ನಗರದ ಪಾಂಟಿಫಿಕಲ್ ಕ್ಯಾಥೊಲಿಕ್ ವಿಶ್ವವಿದ್ಯಾಲಯದಲ್ಲಿ. ಕಟ್ಟಿದವರು ರಾಬರ್ಟೊ ಇರುಸಲಿಮ್‌ಸ್ಕಿ, ಲೂಯಿಜ್ ಹೆನ್ರಿಕ್ ದೆ ಫಿಗೆರೆದೊ ಮತ್ತು ವಾಲ್ಡೆಮಾರ್ ಸೆಲೆಸ್. ಅದಕ್ಕೂ ಮುಂಚಿನ ವರ್ಷಗಳಲ್ಲಿ ಹೊರದೇಶದ ಕಂಪ್ಯೂಟರ್ ಮತ್ತು ಸಾಫ್ಟ್‌ವೇರ್ ತರಿಸಿಕೊಳ್ಳಲು ಬ್ರೆಜಿಲ್‌ನಲ್ಲಿ ಬಿಗಿಯಾದ ಕಟ್ಟುಪಾಡುಗಳಿದ್ದು, ಬೇಕಾದ್ದನ್ನು ತಾವೇ ಮಾಡಿಕೊಳ್ಳುವ ರೂಢಿ ಬೆಳೆದಿತ್ತು. ಮೊದಲ ಬಳಕೆದಾರರು ಪೆಟ್ರೊಬ್ರಾಸ್ ತೈಲ ಕಂಪನಿಯ ಎಂಜಿನಿಯರುಗಳು. ಪ್ರೋಗ್ರಾಮಿಂಗ್ ಅವರ ವೃತ್ತಿಯಲ್ಲ. ಆದ್ದರಿಂದ ಭಾಷೆ ಸಣ್ಣದಾಗಿ, ಸರಳವಾಗಿ ಇರಬೇಕಿತ್ತು. ಇಂದಿಗೂ ಅದರ ಇಡೀ ಸಿ ಕೋಡ್ ಸುಮಾರು 30,000 ಸಾಲು.

ದತ್ತಾಂಶ ಜೋಡಿಸಿಡಲು ಲುವಾದಲ್ಲಿ ಇರುವುದು ಒಂದೇ ಸಾಧನ, ಟೇಬಲ್. ಪಟ್ಟಿ ಬೇಕಾದರೂ ಟೇಬಲ್, ಹೆಸರಿಗೊಂದು ಬೆಲೆ ಬರೆದಿಡಬೇಕಾದರೂ ಟೇಬಲ್. ಇದಕ್ಕೆ ಮೆಟಾಟೇಬಲ್ ಎಂಬ ಇನ್ನೊಂದು ಟೇಬಲನ್ನು ತಗುಲಿಸಬಹುದು. ಕೇಳಿದ ಹೆಸರು ಇಲ್ಲಿ ಸಿಗದಿದ್ದರೆ ಎಲ್ಲಿ ನೋಡಬೇಕು, ಎರಡು ಟೇಬಲ್‌ಗಳನ್ನು ಕೂಡು ಎಂದರೆ ಏನು ಮಾಡಬೇಕು ಎಂಬ ಸೂಚನೆಗಳು ಅದರಲ್ಲಿರುತ್ತವೆ. ‘ಎಲ್ಲಿ ನೋಡಬೇಕು’ ಎಂಬ ಸೂಚನೆಯ ಹೆಸರು ಇಂಡೆಕ್ಸ್. ಇಂಥ ಸೂಚನೆಗಳ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್ ಗೆರೆ ಇರುತ್ತದೆ.

ಒಂದು ಆಟದಲ್ಲಿ ಇನ್ನೂರು ಶತ್ರುಗಳಿದ್ದಾರೆ ಎನ್ನೋಣ. ಪ್ರತಿ ಶತ್ರುವಿನ ಟೇಬಲ್‌ನಲ್ಲಿ ಇರುವುದು ಅವನು ನಿಂತ ಜಾಗ ಮತ್ತು ಉಳಿದ ಪ್ರಾಣಬಲ, ಅಷ್ಟೇ. ನಡೆಯುವ ಫಂಕ್ಷನ್ ‘ಶತ್ರು’ ಎಂಬ ಒಂದು ಟೇಬಲ್‌ನಲ್ಲಿ ಒಂದೇ ಪ್ರತಿಯಾಗಿ ಕುಳಿತಿದೆ. ನಡೆ ಎಂದಾಗ, ಮನೆಯಲ್ಲಿಲ್ಲದ ಏಣಿಯನ್ನು ಪಕ್ಕದ ಮನೆಯಿಂದ ತಂದು ಕೆಲಸ ಮುಗಿಸುವಂತೆ, ಲುವಾ ಇಂಡೆಕ್ಸ್ ತೋರಿದ ಟೇಬಲ್‌ಗೆ ಹೋಗಿ ಫಂಕ್ಷನ್ ತಂದು ಓಡಿಸುತ್ತದೆ. ‘ಹಾರುವ ಶತ್ರು’ ಬೇಕೇ? ಇನ್ನೊಂದು ಟೇಬಲ್ ಮಾಡಿ, ಅದರ ಇಂಡೆಕ್ಸನ್ನು ‘ಶತ್ರು’ವಿನ ಕಡೆ ತಿರುಗಿಸಿದರೆ ಸಾಕು. ಬೇರೆ ಭಾಷೆಗಳು ದೊಡ್ಡ ವ್ಯವಸ್ಥೆ ಮಾಡಿ ಕೊಡುವ ಇನ್‌ಹೆರಿಟೆನ್ಸ್ ಇಲ್ಲಿ ಒಂದು ಹುಡುಕಾಟದ ಸರಪಳಿ. ಇಷ್ಟು ಕಡಿಮೆ ಸಾಮಗ್ರಿಯಲ್ಲಿ ಇಷ್ಟು ಕೆಲಸ ತೆಗೆದದ್ದು ಭಾಷಾವಿನ್ಯಾಸದ ಒಂದು ಸೊಗಸಾದ ಸಾಧನೆಯೇ ಸರಿ.

ಆದರೆ ‘ಶತ್ರು’ವಿನಂತೆ ಕ್ಲಾಸಿನ ಪಾತ್ರ ವಹಿಸುವ ಪ್ರತಿ ಟೇಬಲ್‌ಗೂ ಈ ಜೋಡಣೆಯನ್ನು ಕೈಯಲ್ಲೇ ಬರೆಯಬೇಕು. ಒಂದು ಸಾಲು ಮರೆತರೂ ಸರಪಳಿ ತುಂಡು. ಹಾಗಾಗಿ ಸಹಾಯಕ ಲೈಬ್ರರಿಗಳು ಹುಟ್ಟಿಕೊಂಡವು. ‘ಕ್ಲಾಸಿಕ್’ ಎಂಬುದು ನೂರು ಸಾಲಿನೊಳಗೇ ಮುಗಿಯುತ್ತದೆ. ಎನ್ರಿಕೆ ಗಾರ್ಸಿಯಾ ಕೋಟಾ ಬರೆದ ‘ಮಿಡಲ್‌ಕ್ಲಾಸ್’ ಇನ್ನೂರು ಸಾಲಿನ ಆಸುಪಾಸು. ‘ಪೆನ್‌ಲೈಟ್’ ಎಂಬ ದೊಡ್ಡ ಸಂಗ್ರಹದಲ್ಲೂ ಇದಕ್ಕೊಂದು ಮಾಡ್ಯೂಲ್ ಇದೆ.

ಸಾಲು ಉಳಿಸುವುದಕ್ಕಿಂತ ದೊಡ್ಡ ಉಪಕಾರವನ್ನೂ ಇವು ಮಾಡುತ್ತವೆ. ಸಮತಲದ ಬಿಂದುವಿಗೆ ಒಂದು ಕ್ಲಾಸ್ ಮಾಡಿ, ಎರಡು ಬಿಂದುಗಳನ್ನು ಕೂಡಿಸುವ ಸೂಚನೆಯನ್ನು ಅದರಲ್ಲಿ ಬರೆದಿದ್ದೇವೆ. ಅದರಿಂದ ‘ಬಣ್ಣದ ಬಿಂದು’ ಎಂಬ ಮರಿ ಕ್ಲಾಸ್ ತೆಗೆದು, ಅಂಥ ಎರಡು ಬಿಂದುಗಳ ನಡುವೆ ಪ್ಲಸ್ ಚಿಹ್ನೆ ಹಾಕಿದರೆ ಲುವಾ ತಪ್ಪು ತೋರಿಸಿ ನಿಲ್ಲುತ್ತದೆ. ಉಳಿದ ಫಂಕ್ಷನ್‌ಗಳೆಲ್ಲ ತಾಯಿ ಕ್ಲಾಸಿನಿಂದ ಬಂದಿರುವಾಗ ಇದೊಂದೇ ಏಕೆ ಬರಲಿಲ್ಲ? ಎರಡು ಗೆರೆಯ ಸೂಚನೆಗಳನ್ನು ಲುವಾ ನೇರವಾಗಿ ಆ ಮೆಟಾಟೇಬಲ್ ಒಂದರಲ್ಲೇ ನೋಡುತ್ತದೆ, ಇಂಡೆಕ್ಸ್ ಸರಪಳಿ ಹತ್ತಿ ಹೋಗುವುದಿಲ್ಲ. ಕ್ಲಾಸಿಕ್ ಇದಕ್ಕೆ ನೇರ ಪರಿಹಾರ ಕಂಡುಕೊಂಡಿದೆ: ಮರಿ ಕ್ಲಾಸ್ ಹುಟ್ಟುವ ಗಳಿಗೆಯಲ್ಲಿ ತಾಯಿಯಲ್ಲಿರುವ, ಎರಡು ಗೆರೆಯಿಂದ ಆರಂಭವಾಗುವ ಎಲ್ಲವನ್ನೂ ನಕಲು ಮಾಡಿಬಿಡುತ್ತದೆ. ಆಮೇಲೆ ತಾಯಿಗೆ ಹೊಸ ಸೂಚನೆ ಸೇರಿಸಿದರೆ ಮರಿಗೆ ಅದು ತಿಳಿಯದು. ಮಿಡಲ್‌ಕ್ಲಾಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಡವಾಗಿ ಸೇರಿಸಿದ್ದನ್ನೂ ಕೆಳಗಿನ ಕ್ಲಾಸ್‌ಗಳಿಗೆಲ್ಲ ದಾಟಿಸುತ್ತದೆ.

ಲೈಬ್ರರಿ ಕಾಪಾಡಲಾರದ ಒಂದು ಬಲೆಯೂ ಇದೆ. ಶತ್ರುಗಳಿಗೆ ಚೀಲ ಇರಲಿ ಎಂದು ಖಾಲಿ ಟೇಬಲ್ ಒಂದನ್ನು ಕ್ಲಾಸಿನಲ್ಲೇ ಇಟ್ಟರೆ ಇನ್ನೂರು ಜನಕ್ಕೂ ಅದೊಂದೇ ಚೀಲ. ಒಬ್ಬ ಕತ್ತಿ ಹಾಕಿದರೆ ಎಲ್ಲರ ಬಳಿಯೂ ಕತ್ತಿ. ಪ್ರತಿ ಆಬ್ಜೆಕ್ಟ್ ಹುಟ್ಟುವಾಗ ಹೊಸ ಚೀಲ ಮಾಡಿಕೊಡುವುದನ್ನು ಬರೆಯುವವರೇ ನೆನಪಿಡಬೇಕು.

ಹೊಸಬರು ಎಲ್ಲಕ್ಕಿಂತ ಹೆಚ್ಚು ಎಡವುವುದು ಚಿಹ್ನೆಯಲ್ಲಿ. ಆಬ್ಜೆಕ್ಟಿನ ಹೆಸರು ಬರೆದು ಕೋಲನ್ ಹಾಕಿ ಫಂಕ್ಷನ್ ಕರೆದರೆ ಆ ಆಬ್ಜೆಕ್ಟ್ ತಾನಾಗಿ ಫಂಕ್ಷನ್‌ಗೆ ತಲುಪುತ್ತದೆ. ಚುಕ್ಕಿ ಹಾಕಿದರೆ ತಲುಪುವುದಿಲ್ಲ, ಯಾರ ಮೇಲೆ ಕೆಲಸ ಮಾಡಬೇಕೆಂದು ತಿಳಿಯದೆ ಫಂಕ್ಷನ್ ಮುಗ್ಗರಿಸುತ್ತದೆ. ವಿಕಿಪೀಡಿಯದ ಲುವಾ ವ್ಯವಸ್ಥೆಯಲ್ಲಿ ಇದಕ್ಕೆಂದೇ ಒಂದು ಸಹಾಯಕ ಫಂಕ್ಷನ್ ಇದೆ. ಪುಟದ ಶೀರ್ಷಿಕೆಯ ಆಬ್ಜೆಕ್ಟ್ ಬಳಸುವಾಗ ಯಾರಾದರೂ ತಪ್ಪಿದರೆ, ಕೋಲನ್ ಬದಲು ಚುಕ್ಕಿ ಹಾಕಿದಿರಾ ಎಂದು ಅದು ನೇರವಾಗಿ ಕೇಳುತ್ತದೆ. ಪ್ರೋಗ್ರಾಮರ್‌ಗಳ ಮೇಲೆ ಕಾಳಜಿ ಇದ್ದವರು ಬರೆದ ತಪ್ಪು ಸಂದೇಶ ಅದು. ಎಲ್ಲ ಭಾಷೆಗಳಲ್ಲೂ ಇಂಥವು ಇನ್ನಷ್ಟು ಬೇಕು.

ಇಷ್ಟು ತೊಡಕಿದ್ದರೂ ಭಾಷೆಯೊಳಗೇ ಕ್ಲಾಸ್ ಏಕೆ ಸೇರಿಸಲಿಲ್ಲ? ಸಾಧನ ಕೊಡಬೇಕು, ಅದನ್ನು ಬಳಸುವ ರೀತಿಯನ್ನು ಹೇರಬಾರದು ಎಂಬುದು ಲುವಾ ತಂಡದ ನಿಲುವು. 1995ರ 2.1 ಆವೃತ್ತಿಯಲ್ಲೇ ಆಬ್ಜೆಕ್ಟ್‌ಗಳಿಗೆ ಅನುಕೂಲ ಮಾಡಿಕೊಟ್ಟರೂ, 2003ರ 5.0ರಲ್ಲಿ ಮೆಟಾಟೇಬಲ್ ತಂದರೂ, ಆ ನಿಲುವು ಬದಲಾಗಲಿಲ್ಲ. ಅದಕ್ಕೆ ಫಲವೂ ಸಿಕ್ಕಿದೆ. ಒಳಗಿನ ಬೆಲೆಗಳನ್ನು ಹೊರಗಿನವರು ಮುಟ್ಟಬಾರದು ಎನ್ನುವವರು ಕ್ಲೋಶರ್ (ತಾನು ಹುಟ್ಟಿದ ಜಾಗದ ಬೆಲೆಗಳನ್ನು ಹಿಡಿದಿಟ್ಟುಕೊಳ್ಳುವ ಫಂಕ್ಷನ್) ಬಳಸಿ ಬೇರೆಯೇ ಬಗೆಯ ಆಬ್ಜೆಕ್ಟ್ ಕಟ್ಟುತ್ತಾರೆ. ಅದರಲ್ಲಿ ಪ್ರತಿ ಆಬ್ಜೆಕ್ಟಿಗೂ ಫಂಕ್ಷನ್‌ಗಳ ಹೊಸ ಪ್ರತಿ ಹುಟ್ಟುವುದರಿಂದ ಮೆಮೊರಿ ಹೆಚ್ಚು ಬೇಕು, ಮೆಟಾಟೇಬಲ್ ಬೇಡವೇ ಬೇಡ.

ತೆರಬೇಕಾದ ಬೆಲೆಯೂ ಸಣ್ಣದಲ್ಲ. ಕ್ಲಾಸಿಕ್‌ನಲ್ಲಿ ಹುಟ್ಟಿದ ಆಬ್ಜೆಕ್ಟನ್ನು ಮಿಡಲ್‌ಕ್ಲಾಸ್ ತನ್ನದೆಂದು ಗುರುತಿಸದು, ಒಂದರ ಕ್ಲಾಸಿನಿಂದ ಇನ್ನೊಂದರಲ್ಲಿ ಮರಿ ಕ್ಲಾಸ್ ತೆಗೆಯಲೂ ಬರುವುದಿಲ್ಲ. ಆಟ ಕಟ್ಟುವ ತಂಡ ಮೊದಲೇ ಒಂದನ್ನು ಆರಿಸಿಕೊಂಡು ಕೊನೆತನಕ ಅದಕ್ಕೇ ಅಂಟಿಕೊಳ್ಳುವುದು ಇದೇ ಕಾರಣಕ್ಕೆ. ಬೇರೆಯವರಿಗಾಗಿ ಲೈಬ್ರರಿ ಬರೆಯುವ ಅನೇಕರು ಎರಡನ್ನೂ ಬಿಟ್ಟು, ಬರಿಯ ಮೆಟಾಟೇಬಲ್ ಜೋಡಣೆಯನ್ನೇ ಕೈಯಲ್ಲಿ ಬರೆಯುತ್ತಾರೆ. ಯಾವ ಸಹಾಯಕ ಲೈಬ್ರರಿ ಬಳಸುವವರಿಗೂ ಆಗ ಅದು ಒಗ್ಗುತ್ತದೆ.