ಬ್ರೇಕರ್ ಮೊರಾಂಟನ ಸೇವೆ ಮತ್ತು ಮರಣ: ಆಧಾರವಿಚಾರ

ಒಬ್ಬ ಸೈನಿಕನ ವೃತ್ತಾಂತವನ್ನು ನಿರ್ಣಯಿಸಹೊರಟ ಸಂಶೋಧಕನು ಮೊದಲು ಪರೀಕ್ಷಿಸತಕ್ಕುದು ಆತನ ಹೆಸರನ್ನು. ಅದನ್ನು ಪ್ರಶ್ನಿಸದೆ ಅಂಗೀಕರಿಸಿದರೆ ಮುಂದಿನ ನಿರ್ಣಯಗಳೆಲ್ಲವೂ ಸಂದೇಹಾಸ್ಪದವಾಗುವುವು. 1902ನೆಯ ಇಸವಿ ಫೆಬ್ರವರಿ 27ರ ಪ್ರಾತಃಕಾಲ ದಕ್ಷಿಣ ಆಫ್ರಿಕದ ಪ್ರಿಟೋರಿಯಾ ಸೆರೆಮನೆಯಲ್ಲಿ ಬ್ರಿಟಿಷ್ ಸೇನೆಯ ಗುಂಡಿಗೇ ಬಲಿಯಾದ ಲೆಫ್ಟಿನೆಂಟ್ ಹ್ಯಾರಿ ಮೊರಾಂಟನ ಚರಿತ್ರೆಯು ಇದಕ್ಕೆ ಉತ್ತಮ ನಿದರ್ಶನ. ಆಸ್ಟ್ರೇಲಿಯದ ಜನರು ಈತನನ್ನು ‘ಬ್ರೇಕರ್’, ಎಂದರೆ ಕುದುರೆಗಳನ್ನು ಪಳಗಿಸುವವನು, ಎಂದು ಕರೆಯುತ್ತಿದ್ದರು. ಸಿಡ್ನಿಯ ‘ಬುಲೆಟಿನ್’ ಪತ್ರಿಕೆಯಲ್ಲಿ ಈತನ ಪದ್ಯಗಳು ಪ್ರಕಟವಾದುದೂ ಆ ಹೆಸರಿನಿಂದಲೇ. ಕವಿಯೆಂಬ ಪ್ರಸಿದ್ಧಿ, ದಂಡನೆಗೆ ಒಳಗಾದವನೆಂಬ ಅನುಕಂಪ, ಇವೆರಡೂ ಸೇರಿ ದಾಖಲೆಗಳ ಮೇಲೆ ಐತಿಹ್ಯದ ಮುಸುಕನ್ನು ಹಾಸಿವೆ.

ಮೊದಲನೆಯದು ಜನ್ಮದ ವಿಚಾರ. ತಾನು ಇಂಗ್ಲೆಂಡಿನ ನೌಕಾಸೇನಾಪತಿ ಸರ್ ಜಾರ್ಜ್ ಡಿಗ್ಬಿ ಮೊರಾಂಟನ ಮಗನೆಂದು ಈತನು ಹೇಳಿಕೊಳ್ಳುತ್ತಿದ್ದನು; ಆ ಸೇನಾಪತಿಯು ಇದನ್ನು ನಿರಾಕರಿಸಿದನು. ಈತನು 1883ರಲ್ಲಿ ಕ್ವೀನ್ಸ್‌ಲೆಂಡಿಗೆ ಬಂದಿಳಿದ ಎಡ್ವಿನ್ ಹೆನ್ರಿ ಮರಂಟ್ ಎಂಬವನೇ ಎಂದು 1902ರಲ್ಲಿಯೇ ಆಸ್ಟ್ರೇಲಿಯದ ಪತ್ರಿಕೆಗಳು ಗುರುತಿಸಿದುವು. ಈ ಮರಂಟನು 1864ನೆಯ ಡಿಸೆಂಬರ್ 9ರಂದು ಸಾಮರ್‌ಸೆಟ್ ಪ್ರಾಂತದ ಬ್ರಿಜ್‌ವಾಟರಿನಲ್ಲಿ ಹುಟ್ಟಿದವನು; ತಂದೆತಾಯಿಗಳು ಅಲ್ಲಿಯ ನಿರ್ಗತಿಕರ ಆಶ್ರಯಾಲಯದ ಮೇಲ್ವಿಚಾರಕರು. 1884ನೆಯ ಮಾರ್ಚ್ 13ರಂದು ಚಾರ್ಟರ್ಸ್ ಟವರ್ಸ್ ಎಂಬ ಊರಿನಲ್ಲಿ ಇವನು ಡೇಸಿ ಮೇ ಓಡ್ವಯರ್ ಎಂಬ ತರುಣಿಯನ್ನು ವಿವಾಹವಾದನು. ಮುಂದೆ ಆಸ್ಟ್ರೇಲಿಯದ ಆದಿವಾಸಿಗಳ ವಿಷಯವಾಗಿ ಬರೆದು ಖ್ಯಾತಿವೆತ್ತ ಡೇಸಿ ಬೇಟ್ಸ್ ಈಕೆಯೇ. ಇವರಿಬ್ಬರೂ ಬೇಗನೆ ಅಗಲಿದರು. ಮರಂಟ್ ಎಂಬ ಹೆಸರು ಮೊರಾಂಟ್ ಎಂದಾಯಿತು. ಮರಂಟನೂ ಮೊರಾಂಟನೂ ಒಬ್ಬನೇ ಎಂಬುದು ಈಗ ಬಹುಮಟ್ಟಿಗೆ ನಿಶ್ಚಿತವಾಗಿದೆ. ಜನ್ಮ, ವಿವಾಹಗಳ ಪುಸ್ತಕಗಳನ್ನು ಶೋಧಿಸುವವನು ಮೊರಾಂಟ್ ಎಂಬ ಹೆಸರನ್ನೇ ಹಿಡಿದು ಹೊರಟರೆ ಏನೂ ದೊರೆಯದೆಂಬುದು ಇದರಿಂದ ಸ್ಪಷ್ಟ.

ಎರಡನೆಯದು ಸೇವೆಯ ವಿಚಾರ. ಬ್ರಿಟನ್ನಿಗೂ ಬೋಯರರ ಎರಡು ಗಣರಾಜ್ಯಗಳಿಗೂ 1899ರಲ್ಲಿ ಯುದ್ಧವು ಮೊದಲಾದಾಗ ಆಸ್ಟ್ರೇಲಿಯವು ಒಂದು ರಾಜ್ಯವಾಗಿರಲಿಲ್ಲ. ಆರು ವಸಾಹತುಗಳೂ ಪ್ರತ್ಯೇಕ ಪಡೆಗಳನ್ನು ಕಳುಹಿಸಿದುವು. ಅವು ಒಕ್ಕೂಟವಾದುದು 1901ನೆಯ ಜನವರಿ 1ರಂದು. ಆದುದರಿಂದ ಆ ಕಾಲದ ಸೈನಿಕರ ಸೇರ್ಪಡೆಯ ಪತ್ರಗಳೂ ಹೆಸರುಪಟ್ಟಿಗಳೂ ವಸಾಹತುವಾರಾಗಿ ಚದುರಿಹೋಗಿವೆ. 1911ರಲ್ಲಿ ಪಿ. ಎಲ್. ಮರೆ ಎಂಬಾತನು ಸಂಕಲಿಸಿದ ಅಧಿಕೃತ ಗ್ರಂಥವು ಈ ಪಡೆಗಳ ವಿವರವನ್ನು ಒಂದೆಡೆ ಒದಗಿಸುತ್ತದೆ. ಮೊರಾಂಟನು 1900ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಅಶ್ವಾರೋಹಿ ಬಂದೂಕುಗಾರರ ಎರಡನೆಯ ತಂಡದಲ್ಲಿ ಸೇರಿ ಯುದ್ಧಕ್ಕೆ ಹೊರಟನು. ಆ ಸೇವೆ ಮುಗಿದ ಬಳಿಕ ಇಂಗ್ಲೆಂಡಿಗೆ ಹೋಗಿಬಂದು, 1901ರಲ್ಲಿ ‘ಬುಷ್‌ವೆಲ್ಟ್ ಕಾರ್ಬಿನಿಯರ್ಸ್’ ಎಂಬ ದಳದಲ್ಲಿ ಲೆಫ್ಟಿನೆಂಟನಾದನು. ಈ ದಳದಲ್ಲಿ ಆಸ್ಟ್ರೇಲಿಯದವರು ಅನೇಕರಿದ್ದರೂ ಅದು ಯಾವ ವಸಾಹತಿನ ಪಡೆಯೂ ಅಲ್ಲ, ದಕ್ಷಿಣ ಆಫ್ರಿಕದಲ್ಲಿಯೇ ರಚಿತವಾಗಿ ಬ್ರಿಟಿಷ್ ಸೇನಾಧಿಪತ್ಯಕ್ಕೆ ಒಳಪಟ್ಟುದು. ಈ ಭೇದವನ್ನು ಗಮನಿಸದವರು ಇವನ ಅಂತ್ಯದ ಕಾಗದಪತ್ರಗಳನ್ನು ಆಸ್ಟ್ರೇಲಿಯದ ಭಂಡಾರಗಳಲ್ಲಿಯೇ ಅರಸಿ ಬಳಲಬೇಕಾಗುವುದು.

ಮೂರನೆಯದಾದ ಮರಣವಿಚಾರವು ಇವೆಲ್ಲಕ್ಕಿಂತ ಕ್ಲಿಷ್ಟವಾದುದು. 1901ನೆಯ ಆಗಸ್ಟಿನಲ್ಲಿ ಮೊರಾಂಟನ ಮಿತ್ರನಾದ ಕ್ಯಾಪ್ಟನ್ ಹಂಟನು ಕಾಳಗದಲ್ಲಿ ಮಡಿದನು. ಅನಂತರ ವಿಸ್ಸರ್ ಎಂಬ ಸೆರೆಯಾಳು, ಬಳಿಕ ಎಂಟು ಮಂದಿ, ಮುಂದಿನ ತಿಂಗಳಲ್ಲಿ ಮೂವರು ಬೋಯರರು ಗುಂಡಿಗೆ ಬಲಿಯಾದರು. ಡೇನಿಯಲ್ ಹೇಸೆ ಎಂಬ ಪಾದ್ರಿಯೂ ಅದೇ ಆಗಸ್ಟಿನಲ್ಲಿ ಹತನಾದನು. ಅಕ್ಟೋಬರಿನಲ್ಲಿ ಆ ದಳದ 15 ಮಂದಿ ಸೈನಿಕರೇ ರುಜುಮಾಡಿ ಮೇಲಧಿಕಾರಿಗಳಿಗೆ ದೂರು ಸಲ್ಲಿಸಿದರು. ಅವರಲ್ಲಿ ಆಸ್ಟ್ರೇಲಿಯದವರೂ ಇದ್ದರೆಂಬುದನ್ನು ಮರೆಯಲಾಗದು. 1902ನೆಯ ಜನವರಿಯಲ್ಲಿ ಸೈನಿಕ ನ್ಯಾಯಸ್ಥಾನವು ಸೇರಿತು. ಆಪಾದಿತರ ಪರವಾಗಿ ವಾದಿಸಿದವನು ನ್ಯೂ ಸೌತ್ ವೇಲ್ಸಿನ ಮೇಜರ್ ಜೆ. ಎಫ್. ಥಾಮಸ್. ಸೆರೆಯಾಳುಗಳನ್ನು ಉಳಿಸಬಾರದೆಂಬ ಆಜ್ಞೆಯಿತ್ತೆಂಬುದೇ ಪ್ರತಿವಾದದ ಮುಖ್ಯಾಂಶ. ಪಾದ್ರಿಯ ಕೊಲೆಯ ಆರೋಪದಿಂದ ಮೊರಾಂಟನೂ ಅವನ ಸಂಗಡಿಗ ಹ್ಯಾಂಡ್‌ಕಾಕನೂ ಮುಕ್ತರಾದರು. ಉಳಿದ ಕೊಲೆಗಳಿಗಾಗಿ ಇಬ್ಬರಿಗೂ ಮರಣದಂಡನೆಯಾಯಿತು, ಲಾರ್ಡ್ ಕಿಚನರನು ಅದನ್ನು ಸ್ಥಿರಪಡಿಸಿದನು. ಮೂರನೆಯವನಾದ ಜಾರ್ಜ್ ವಿಟನ್ನನ ಮರಣದಂಡನೆಯು ಜೀವಾವಧಿ ಸೆರೆಗೆ ಇಳಿದು, ಅವನು 1904ರಲ್ಲಿ ಬಿಡುಗಡೆ ಹೊಂದಿದನು.

ಈ ವಿಚಾರಣೆಯ ಅಧಿಕೃತ ನಡವಳಿಯು ಇದುವರೆಗೂ ದೊರೆತಿಲ್ಲ. ಈ ಕೊರತೆಯನ್ನು ಬಹುಕಾಲ ತುಂಬಿದುದು 1907ರಲ್ಲಿ ವಿಟನ್ನನು ಬರೆದ ‘ಸಾಮ್ರಾಜ್ಯದ ಬಲಿಪಶುಗಳು’ ಎಂಬರ್ಥದ ಹೆಸರುಳ್ಳ ಗ್ರಂಥ. ಅದು ಪ್ರತ್ಯಕ್ಷದರ್ಶಿಯ ಹೇಳಿಕೆಯಾದುದರಿಂದ ಅಮೂಲ್ಯ. ಶಿಕ್ಷಿತನ ಸ್ವಸಮರ್ಥನೆಯಾದುದರಿಂದ ಪರೀಕ್ಷಾರ್ಹ. ಇದೇ ವಿಟನ್ನನು 1929ರಲ್ಲಿ ಥಾಮಸನಿಗೆ ಬರೆದ ಖಾಸಗಿ ಪತ್ರದಲ್ಲಿ, ಪಾದ್ರಿಯನ್ನು ಕೊಂದುದಾಗಿ ಹ್ಯಾಂಡ್‌ಕಾಕನು ತನ್ನೊಡನೆ ಒಪ್ಪಿಕೊಂಡಿದ್ದನೆಂದು ತಿಳಿಸಿದ್ದಾನೆ. ಒಬ್ಬನೇ ಸಾಕ್ಷಿ ಲೋಕಕ್ಕೆ ಹೇಳಿದುದು ಒಂದು, ಮಿತ್ರನಿಗೆ ಹೇಳಿದುದು ಮತ್ತೊಂದು! ಪತ್ರದ ಮಾತೂ ಮೃತನ ಮೇಲೆ ಹೊರಿಸಿದ ಮಾತೇ. ಆದರೂ ಅದನ್ನು ಕಾಣದೆ ಗ್ರಂಥವನ್ನು ಮಾತ್ರ ಓದಿದವನ ನಿರ್ಣಯವು ಅಪೂರ್ಣವೇ ಸರಿ.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರ್ಪಡಿಸುವುದು ಅವಶ್ಯಕ. ಸೆರೆಯಾಳುಗಳನ್ನು ಕೊಲ್ಲಿಸಿದುದು ದಿಟವೇ ಎಂಬುದೊಂದು. ವಿಚಾರಣೆಯು ನ್ಯಾಯಯುತವಾಗಿತ್ತೇ ಎಂಬುದು ಇನ್ನೊಂದು. ಮೊದಲನೆಯದನ್ನು ಪ್ರತಿವಾದಿಗಳೂ ಅಲ್ಲಗಳೆಯಲಿಲ್ಲ. ಆಜ್ಞೆಯನ್ನು ಮುಂದಿಟ್ಟು ಅದನ್ನು ಸಮರ್ಥಿಸಿದರು. ಎರಡನೆಯದು ಇಂದಿಗೂ ವಿವಾದಗ್ರಸ್ತವಾಗಿದೆ. 1980ರ ಚಲಚ್ಚಿತ್ರವು ಮೊರಾಂಟನ ಕಡೆಗೆ ಜನರ ಮನಸ್ಸನ್ನು ಒಲಿಸಿತು. ಪುನರ್ವಿಮರ್ಶೆಗಾಗಿ ಸಲ್ಲಿಸಿದ ಮನವಿಯನ್ನು ಬ್ರಿಟಿಷ್ ಸರಕಾರವು 2010ರಲ್ಲಿ ತಿರಸ್ಕರಿಸಿತು. ನಡವಳಿಯು ಕಾಣೆಯಾಗಿರುವುದು ಮೊರಾಂಟನು ನಿರ್ದೋಷಿಯೆಂಬುದಕ್ಕೆ ಪ್ರಮಾಣವಲ್ಲ, ನ್ಯಾಯಸ್ಥಾನವು ನಿಷ್ಪಕ್ಷಪಾತವಾಗಿತ್ತೆಂಬುದಕ್ಕೂ ಪ್ರಮಾಣವಲ್ಲ. ಬ್ರಿಜ್‌ವಾಟರಿನ ಬಡ ಬಾಲಕನು ಸೇನಾಪತಿಯ ಮಗನೆನಿಸಿಕೊಂಡಂತೆ ಪ್ರಿಟೋರಿಯದ ಅಪರಾಧಿಯು ವೀರನೆನಿಸಿಕೊಂಡಿರುವುದೂ ಸಾಧ್ಯ. ಅಪರಾಧಿಗೂ ಅನ್ಯಾಯವಾಗಿರುವುದೂ ಸಾಧ್ಯ. ಕವಿಯ ಹೆಸರನ್ನು ಲೋಕವು ನೆನೆಯುತ್ತದೆ. ವಿಸ್ಸರನನ್ನೂ ಅವನ ನಂತರ ಮಡಿದವರನ್ನೂ ನೆನೆಯುವವರು ವಿರಳ. ದಾಖಲೆಗಳನ್ನು ಸಮವಾಗಿ ತೂಗುವ ಸಂಶೋಧನೆಯು ಈ ಇಬ್ಬರಿಗೂ ಸಲ್ಲಬೇಕಾದ ಋಣವಾಗಿದೆ.