ಮನೆಯೊಳಗಣ ನಿಸ್ತಂತು ಜಾಲ

ಮನೆಗೆ ಬರುವ ಅಂತರ್ಜಾಲದ ತಂತಿ ಒಂದೇ. ಅದನ್ನು ಬಳಸುವವರಾದರೋ ಐದಾರು ಮಂದಿ. ಮಗನಿಗೆ ಕಚೇರಿಯ ಕೆಲಸ, ಸೊಸೆಗೆ ಬ್ಯಾಂಕಿನ ವ್ಯವಹಾರ, ಮೊಮ್ಮಗಳಿಗೆ ಪಾಠ, ಅಜ್ಜಿಗೆ ದೂರದೇಶದಲ್ಲಿರುವ ಮಗಳ ಮುಖದರ್ಶನ. ಇವರೆಲ್ಲರಿಗೂ ಆ ಒಂದನ್ನೇ ಹಂಚಿಕೊಡುವ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಅಳವಡಿಸಲು ಬಂದವನು ತನಗೆ ಅನುಕೂಲವಾದೆಡೆ ಅದನ್ನು ಗೋಡೆಗೆ ತಗುಲಿಸಿ ಹೊರಟುಹೋಗುವನು. ಉಪ್ಪರಿಗೆಯಲ್ಲಿ ಸಿಕ್ಕದು, ಹಿತ್ತಿಲ ಕೋಣೆಯಲ್ಲಿ ಸಿಕ್ಕದು ಎಂಬ ಗೊಣಗಾಟ ಮರುದಿನದಿಂದ ಮೊದಲು. ಆದುದರಿಂದ ಗೃಹಸ್ಥರು ತಿಳಿದಿರತಕ್ಕ ಕೆಲವು ಸಂಗತಿಗಳನ್ನು ಇಲ್ಲಿ ಹೇಳುವೆವು.

ರೌಟರು ಅವಿಭಕ್ತ ಕುಟುಂಬದ ಯಜಮಾನನಿದ್ದಂತೆ. ಹೊರಲೋಕಕ್ಕೆ ಮನೆಯ ವಿಳಾಸ ಒಂದೇ. ಒಳಗಿನ ಒಂದೊಂದು ಉಪಕರಣಕ್ಕೂ ರೌಟರು ತಾನೇ ಒಂದು ಒಳಸಂಖ್ಯೆಯನ್ನು ಕೊಡುವುದು. ಅನೇಕ ಮನೆಗಳಲ್ಲಿ ಇದು 192.168 ಎಂದು ಆರಂಭವಾಗುತ್ತದೆ. ಯಾರು ಏನನ್ನು ಕೇಳಿದರೆಂದು ಲೆಕ್ಕವಿಟ್ಟು, ಬಂದ ಉತ್ತರವನ್ನು ಅವರವರಿಗೇ ಮುಟ್ಟಿಸುವುದು ಅದರ ಕೆಲಸ. ನೆರೆಮನೆಯಲ್ಲಿಯೂ ಅದೇ ಸಂಖ್ಯೆಗಳಿದ್ದರೆ ಬಾಧಕವಿಲ್ಲ. ಮನೆಮನೆಗೂ ಒಬ್ಬ ಪುಟ್ಟನಿರುವುದಿಲ್ಲವೆ?

ಪೆಟ್ಟಿಗೆಯಿಂದ ಹೊರಡುವುದು ಬೆಳಕಿನ ಜಾತಿಗೇ ಸೇರಿದ ರೇಡಿಯೋ ಅಲೆ. ಜಗದೀಶಚಂದ್ರ ಬೋಸರು 1895ರಲ್ಲಿ ಕಲಕತ್ತೆಯಲ್ಲಿ ಇಂತಹ ಅಲೆಗಳನ್ನು ಗೋಡೆಯಾಚೆಗೆ ಹಾಯಿಸಿ, ಅಲ್ಲಿ ಗಂಟೆ ಬಾರಿಸಿ ತೋರಿಸಿದ್ದರು. ಇಂದು ಮನೆಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಎರಡು ಬಗೆ. 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಅದು ಗೋಡೆಯನ್ನು ಚೆನ್ನಾಗಿ ದಾಟುವುದು, ವೇಗ ಕಡಮೆ. 5 ಗಿಗಾಹರ್ಟ್ಸಿನದು ಅದರ ಅರ್ಧದಷ್ಟು ಉದ್ದ. ವೇಗಶಾಲಿ, ಆದರೆ ಎರಡು ಗೋಡೆ ದಾಟುವಷ್ಟರಲ್ಲಿ ಸೊರಗುವುದು. ಮೈಕ್ರೋವೇವ್ ಒಲೆಯೂ 2.45 ಗಿಗಾಹರ್ಟ್ಸಿನದೇ ಆದುದರಿಂದ, ಅದರ ಮಗ್ಗುಲಲ್ಲಿ ರೌಟರನ್ನಿಡುವುದು ಸಲ್ಲದು. ಲೋಹವೂ ನೀರೂ ಈ ಅಲೆಗಳಿಗೆ ದೊಡ್ಡ ಅಡ್ಡಿ. ಚಂದಕ್ಕೆಂದು ಉಕ್ಕಿನ ಬೀರುವಿನಲ್ಲಿ ರೌಟರನ್ನು ಬಚ್ಚಿಡುವುದು ಕೊಡದೊಳಗೆ ದೀಪವಿಟ್ಟಂತೆ. ನಡುಮನೆಯಲ್ಲಿ, ಆಳೆತ್ತರಕ್ಕಿಂತ ಮೇಲೆ, ತೆರೆದ ಜಾಗದಲ್ಲಿಡಬೇಕು. ಹಳೆಯ ತೊಟ್ಟಿಮನೆಯವರು ದಪ್ಪ ಮಣ್ಣುಗೋಡೆಗೆ ಅಂಜಬೇಕಾದುದಿಲ್ಲ; ತೊಟ್ಟಿಗೆ ಎದುರಾದ ಹಜಾರದಲ್ಲಿಟ್ಟರೆ ಬಯಲಿನ ಮೂಲಕ, ಬಾಗಿಲುಗಳ ಮೂಲಕ ಕೋಣೆಗಳಿಗೆ ಅಲೆ ಸಾಗುವುದು. ಅಷ್ಟಕ್ಕೂ ಮುಟ್ಟದ ಕೋಣೆಗೆ ಮರುಪ್ರಸಾರದ ಪೆಟ್ಟಿಗೆಗಳನ್ನು ಮಾರುವರು. ಅಗ್ಗದವು ಕೇಳಿದುದನ್ನೇ ಮತ್ತೆ ಹೇಳಬೇಕಾದುದರಿಂದ ಅರ್ಧ ವೇಗವನ್ನು ತಾವೇ ನುಂಗುವುವು. ಒಂದು ಕೇಬಲನ್ನು ಅಲ್ಲಿಯವರೆಗೆ ಎಳೆದು ಎರಡನೆಯ ಪೆಟ್ಟಿಗೆ ಇಡುವುದೇ ಲೇಸೆಂದು ನಮ್ಮ ಮತ.

ಕರೆಂಟು ಹೋದರೆ ರೌಟರೂ ಹೋಗುವುದು. ಅದಕ್ಕೆಂದೇ ಸಣ್ಣ ಬ್ಯಾಟರಿ ಪೆಟ್ಟಿಗೆಗಳು ದೊರೆಯುತ್ತವೆ. ಪರೀಕ್ಷೆಗೆ ಓದುವ ಮಕ್ಕಳಿರುವವರು ಕೊಳ್ಳಲಿ.

ಇನ್ನು ಬೀಗದ ಮಾತು. ಗೋಡೆ ದಾಟುವ ಅಲೆ ಬೀದಿಗೂ ಹೋಗುವುದಷ್ಟೆ. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿದವು. ಅದಕ್ಕೆ ಕೆಲವೇ ನಿಮಿಷಗಳ ಮುಂಚೆ ಸುದ್ದಿವಾಹಿನಿಗಳಿಗೆ ಬೆದರಿಕೆಯ ಮಿಂಚಂಚೆಯೊಂದು ಬಂದಿತ್ತು. ಅದರ ಜಾಡು ಹಿಡಿದು ಹೊರಟ ಪೊಲೀಸರು ತಲಪಿದುದು ನವಿ ಮುಂಬಯಿಯಲ್ಲಿ ವಾಸವಾಗಿದ್ದ ಒಬ್ಬ ಅಮೆರಿಕದವರ ಮನೆಗೆ. ಅವರಿಗೂ ಆ ಪತ್ರಕ್ಕೂ ಸಂಬಂಧವಿರಲಿಲ್ಲ. ಅವರ ವೈಫೈಗೆ ಬೀಗವಿರಲಿಲ್ಲ, ಅನ್ಯರು ಅದನ್ನು ಬಳಸಿಕೊಂಡಿದ್ದರು. ಆದರೂ ವಿಚಾರಣೆ ಅವರ ಪಾಲಿಗೆ ಬಂದಿತು. ಹೊರಗೆ ಕಾಣುವ ವಿಳಾಸ ಒಂದೇ ಎಂದೆವಲ್ಲ, ಅದರ ಅರ್ಥವಿದು: ಒಳಗೆ ಯಾರೇ ಏನೇ ಮಾಡಲಿ, ಮೊದಲು ತಟ್ಟುವ ಬಾಗಿಲು ಯಜಮಾನನದು.

ಆದುದರಿಂದ ರೌಟರಿನ ವ್ಯವಸ್ಥೆಯಲ್ಲಿ ಡಬ್ಲ್ಯುಪಿಎ2 ಅಥವಾ ಡಬ್ಲ್ಯುಪಿಎ3 ಎಂಬ ರಕ್ಷಣೆಯನ್ನೇ ಆರಿಸತಕ್ಕದ್ದು. ಡಬ್ಲ್ಯುಇಪಿ ಎಂಬ ಹಳೆಯ ಬೀಗವನ್ನು ಮುರಿಯುವ ಬಗೆ 2001ರಲ್ಲಿಯೇ ಬಯಲಾಯಿತು. ವೈಫೈಯ ಪಾಸ್‌ವರ್ಡ್ ಬೇರೆ, ರೌಟರನ್ನು ಆಳುವ ಪಾಸ್‌ವರ್ಡ್ ಬೇರೆ. ಎರಡನೆಯದನ್ನು ಕಾರ್ಖಾನೆಯವರು ಇಟ್ಟಂತೆಯೇ ಬಿಡುವವರು ಬಹಳ, ಅದನ್ನೂ ಬದಲಾಯಿಸಬೇಕು. ಮೊಮ್ಮಗನ ಹೆಸರು, ಫೋನಿನ ಸಂಖ್ಯೆ ಬೇಡ. ಸಂಬಂಧವಿಲ್ಲದ ನಾಲ್ಕು ಪದಗಳನ್ನು ಪೋಣಿಸಿದರೆ ಉದ್ದವೂ ಆಯಿತು, ನೆನಪಿಗೂ ಸುಲಭ.

ಹಬ್ಬಕ್ಕೆ ಬಂದ ನೆಂಟರು ಕಾಲು ತೊಳೆಯುವ ಮುಂಚೆಯೇ ಪಾಸ್‌ವರ್ಡ್ ಕೇಳುವ ಕಾಲವಿದು. ಅನೇಕ ರೌಟರುಗಳಲ್ಲಿ ಅತಿಥಿಗಳಿಗಾಗಿ ಬೇರೊಂದು ಜಾಲವನ್ನು ತೆರೆಯಬಹುದು. ಅದರಲ್ಲಿ ಸೇರಿದವರಿಗೆ ಅಂತರ್ಜಾಲ ಸಿಕ್ಕುವುದು, ಮನೆಯವರ ಕಂಪ್ಯೂಟರು ಕಾಣಿಸದು. ಅದರ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಹಜಾರದ ಗೋಡೆಗೆ ಅಂಟಿಸಿದರೂ ಅಡ್ಡಿಯಿಲ್ಲ; ಹಬ್ಬ ಕಳೆದ ಮೇಲೆ ಬದಲಾಯಿಸಿದರಾಯಿತು.