ನಿಲ್ದಾಣದಲ್ಲಿ ಸತ್ತ ಹೆಣ್ಣುಮಕ್ಕಳು: ನಮ್ಮ ಮನೆಗಳಿಗೊಂದು ಎಚ್ಚರಿಕೆ

ಪ್ರಾಪ್ತವಯಸ್ಕಳಾದ ಮಗಳು ಮನೆಯಿಂದ ಹೊರಟವಳು ಹಿಂದಿರುಗದಿದ್ದರೆ ನಮ್ಮ ಕುಟುಂಬಗಳಲ್ಲಿ ಭಯಕ್ಕಿಂತ ಮೊದಲು ನಾಚಿಕೆ ಹುಟ್ಟುತ್ತದೆ. "ನಾಲ್ಕು ಜನಕ್ಕೆ ಗೊತ್ತಾದರೆ ಏನು ಗತಿ?" ಎಂಬ ಮಾತು ಹೊರಟೊಡನೆ ಹುಡುಕುವ ಕಾಲು ನಿಂತುಬಿಡುತ್ತದೆ. ಈ ನಾಚಿಕೆಯ ಮರೆಯಲ್ಲಿ ಒಬ್ಬ ಕೊಲೆಗಾರನು 2003ರಿಂದ 2009ರವರೆಗೆ ನಿರ್ಭಯನಾಗಿ ಸಂಚರಿಸಿದ ಕಥೆಯನ್ನು ಸದ್ಭಕ್ತರ ಮುಂದಿಡಬೇಕೆಂದು ನಮಗೆ ತೋರಿದೆ.

ಕೊಡಗಿನ ಮಡಿಕೇರಿ ನಮ್ಮ ಸಮಾಜಕ್ಕೆ ಅಪರಿಚಿತವಾದ ಊರಲ್ಲ. ಲಿಂಗಾಯತರಾದ ಹಾಲೇರಿ ಅರಸರು ಅಲ್ಲಿಂದ ನಾಡನ್ನಾಳಿದರು. ಲಿಂಗರಾಜೇಂದ್ರನು 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ಗುಡಿಗೆ ಇಂದಿಗೂ ಭಕ್ತರು ನಡೆದುಕೊಳ್ಳುತ್ತಾರೆ. ಅದೇ ಮಡಿಕೇರಿಯ ಬಸ್ ನಿಲ್ದಾಣವೂ ಮೈಸೂರು, ಬೆಂಗಳೂರು, ಹಾಸನಗಳ ನಿಲ್ದಾಣಗಳಂತೆ ಈ ದುರಂತಕ್ಕೆ ಸಾಕ್ಷಿಯಾಯಿತು. ಮದುಮಗಳಂತೆ ಸೀರೆಯುಟ್ಟ ತರುಣಿಯರು ನಿಲ್ದಾಣದ ಶೌಚಾಲಯಗಳಲ್ಲಿ ಹೆಣವಾಗಿ ಬೀಳುತ್ತಿದ್ದರು. ಬಾಗಿಲು ಒಳಗಿನಿಂದ ಹಾಕಿರುತ್ತಿತ್ತು. ಮೈಮೇಲೆ ಒಡವೆ ಇರುತ್ತಿರಲಿಲ್ಲ. ಗುರುತು ಹೇಳುವವರೂ ಇರುತ್ತಿರಲಿಲ್ಲ. ಆಯಾ ಠಾಣೆಯಲ್ಲಿ ಅದು ಅಸಹಜ ಸಾವೆಂದೋ ಆತ್ಮಹತ್ಯೆಯೆಂದೋ ದಾಖಲಾಗುತ್ತಿತ್ತು. ಒಂದೂರಿನ ಸಾವನ್ನು ಇನ್ನೊಂದೂರಿನ ಸಾವಿನೊಡನೆ ಹೋಲಿಸಿ ನೋಡಿದವರಿರಲಿಲ್ಲ. ಹೀಗಾಗಿ ಕೊಲೆಗಳು ನಡೆಯುತ್ತಿವೆಯೆಂಬುದೇ ಆರು ವರ್ಷಗಳ ಕಾಲ ಲೋಕಕ್ಕೆ ತಿಳಿಯಲಿಲ್ಲ.

ಆತನ ಹೆಸರು ಮೋಹನ್ ಕುಮಾರ್. ದಕ್ಷಿಣ ಕನ್ನಡದಲ್ಲಿ ಶಾಲಾ ಶಿಕ್ಷಕನಾಗಿದ್ದವನು. ವರದಕ್ಷಿಣೆ ಕೊಡಲಾರದೆ ಮದುವೆ ತಡವಾದ ಬಡಮನೆಯ ಹೆಣ್ಣುಮಕ್ಕಳನ್ನು ಹುಡುಕಿ ಪರಿಚಯ ಮಾಡಿಕೊಳ್ಳುತ್ತಿದ್ದನು. ಸರ್ಕಾರಿ ನೌಕರನೆಂದು ನಂಬಿಸಿ, ಅವರವರ ಜಾತಿಗೆ ಒಪ್ಪುವ ಹೆಸರು ಹೇಳಿ, ವರದಕ್ಷಿಣೆ ಬೇಡವೆನ್ನುತ್ತಿದ್ದನು. ಮದುವೆಯಾಗೋಣವೆಂದು ಒಡವೆಗಳೊಡನೆ ಬೇರೆ ಊರಿಗೆ ಕರೆದೊಯ್ದು ವಸತಿಗೃಹದಲ್ಲಿ ರಾತ್ರಿ ಕಳೆಯುತ್ತಿದ್ದನು. ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿಯೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲೆಂದು ಒಂದು ಗುಳಿಗೆ ಕೊಟ್ಟು, ಶೌಚಾಲಯಕ್ಕೆ ಹೋಗಿ ನುಂಗುವಂತೆ ಹೇಳುತ್ತಿದ್ದನು. ಅದು ಸಯನೈಡ್. ಚಿನ್ನದ ಕೆಲಸದವರು ಬಳಸುವ ಆ ವಿಷವನ್ನು ತಾನೂ ಅಕ್ಕಸಾಲಿಗನೆಂದು ಹೇಳಿಕೊಂಡು ಕೊಂಡುತಂದಿದ್ದನು.

2009ರ ಜೂನ್‌ನಲ್ಲಿ ಬಂಟ್ವಾಳ ತಾಲ್ಲೂಕಿನ ಯುವತಿಯೊಬ್ಬಳು ಕಾಣೆಯಾದಳು. ಆಕೆ ಅನ್ಯಧರ್ಮದ ತರುಣನೊಡನೆ ಓಡಿಹೋದಳೆಂಬ ಗಾಳಿಸುದ್ದಿ ಹಬ್ಬಿತು. ಜನ ಪೊಲೀಸ್ ಠಾಣೆಯ ಮುಂದೆ ನೆರೆದು ಪ್ರತಿಭಟಿಸಿದರು. ಊರಿಗೆ ಊರೇ ಹೊತ್ತಿಕೊಳ್ಳುವ ಸ್ಥಿತಿ ಬಂದಿತು. ಆ ಒತ್ತಡದಲ್ಲಿ ಪೊಲೀಸರು ಆಕೆಯ ದೂರವಾಣಿ ಕರೆಗಳ ಜಾಡು ಹಿಡಿದರು. ಆ ಜಾಡು ಮಡಿಕೇರಿ, ಕಾಸರಗೋಡು, ಪುತ್ತೂರು ಕಡೆಯ ಬೇರೆ ಹೆಣ್ಣುಮಕ್ಕಳತ್ತ ಕರೆದೊಯ್ದಿತು. ಅವರೂ ಕಾಣೆಯಾದವರೇ! ಅಕ್ಟೋಬರ್‌ನಲ್ಲಿ ಆರೋಪಿ ಸಿಕ್ಕಿದನು. ಯಾವ ಸಮುದಾಯದ ಮೇಲೆ ಶಂಕೆ ಹೊರಿಸಲಾಗಿತ್ತೋ ಅದಕ್ಕೂ ಕೊಲೆಗೂ ಸಂಬಂಧವೇ ಇರಲಿಲ್ಲ. ಗಾಳಿಮಾತನ್ನು ನಂಬಿ ಅಂದು ಯಾರದಾದರೂ ಮನೆಗೆ ಬೆಂಕಿ ಇಟ್ಟಿದ್ದರೆ ಆ ಪಾಪವನ್ನು ತೊಳೆಯುವವರಾರು?

ಮಂಗಳೂರಿನ ನ್ಯಾಯಾಲಯವು 2013ರ ಡಿಸೆಂಬರ್‌ನಲ್ಲಿ ಮರಣದಂಡನೆ ವಿಧಿಸಿತು. ಒಂದು ಪ್ರಕರಣದಲ್ಲಿ ಉಚ್ಚ ನ್ಯಾಯಾಲಯವು 2017ರಲ್ಲಿ ಅದನ್ನು ಜೀವಾವಧಿ ಸೆರೆವಾಸಕ್ಕೆ ಇಳಿಸಿತು. ವಿಚಾರಣಾ ನ್ಯಾಯಾಲಯದಲ್ಲಿ 20ನೆಯ ಪ್ರಕರಣದ ತೀರ್ಪು ಬಂದದ್ದು 2020ರ ಜೂನ್‌ನಲ್ಲಿ. ಕಾನೂನು ತನ್ನ ಕೆಲಸ ಮಾಡಿತು. ಸಮಾಜವು ತನ್ನ ಕೆಲಸ ಮಾಡಿದೆಯೇ ಎಂಬುದು ನಮ್ಮ ಪ್ರಶ್ನೆ.

ಸತ್ತವರು ನಮ್ಮ ಜಾತಿಯವರಲ್ಲವೆಂದು ಸಮಾಧಾನಪಡುವವರಿಗೆ ಒಂದು ಮಾತು. ಮಠಕ್ಕೆ ಬರುವ ತಾಯಂದಿರು ಮಗಳ ವಯಸ್ಸನ್ನು ಎರಡು ವರ್ಷ ಇಳಿಸಿ ಹೇಳುವುದನ್ನು, ಹೇಳುವಾಗ ತಲೆ ತಗ್ಗಿಸುವುದನ್ನು ನಾವು ಕಂಡಿದ್ದೇವೆ. ಪಕ್ಕದಲ್ಲಿ ನಿಂತ ಮಗಳಿಗೆ ಆ ತಲೆ ತಗ್ಗಿಸುವಿಕೆ ಏನು ಹೇಳುತ್ತದೆ? ತಾನು ಮನೆಗೆ ಭಾರವೆಂದು ಹೇಳುತ್ತದೆ. ಅಂತಹ ಮನಸ್ಸಿಗೆ ಸವಿಮಾತಾಡುವ ಅಪರಿಚಿತನು ದೇವರಂತೆ ಕಂಡರೆ ತಪ್ಪು ಅವಳದೊಬ್ಬಳದೇ ಅಲ್ಲ. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ಕಾಯಿದೆಗೂ ಎಂಟು ನೂರು ವರ್ಷ ಮೊದಲೇ ಕಲ್ಯಾಣದ ಅನುಭವ ಮಂಟಪದಲ್ಲಿ ಹೆಣ್ಣು ಗಂಡಿನ ಸರಿಸಮನಾಗಿ ಕುಳಿತಿದ್ದಳು. ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ರಚಿಸಿದರು. ಆ ಪರಂಪರೆಯವರೆಂದು ಹೇಳಿಕೊಳ್ಳುವ ನಾವು ಹುಂಡಾ, ತೊಲೆ ಬಂಗಾರ ಎಂದು ಚೌಕಾಸಿ ಮಾಡುವುದು ಯಾವ ಲಿಂಗಪೂಜೆಯ ಫಲ?

ಆದುದರಿಂದ ಸದ್ಭಕ್ತರಲ್ಲಿ ನಮ್ಮ ಬಿನ್ನಹವಿಷ್ಟು. ವರನನ್ನು ಅವನ ಊರಿನಲ್ಲಿ, ಮನೆಯಲ್ಲಿ, ಕೆಲಸದ ಸ್ಥಳದಲ್ಲಿ ವಿಚಾರಿಸದೆ ಒಪ್ಪಬೇಡಿ. ಬಡವರ ಮಕ್ಕಳಿಗೆ ಸುತ್ತೂರಿನಂತಹ ಕ್ಷೇತ್ರಗಳ ಸಾಮೂಹಿಕ ವಿವಾಹವಿದೆ. ಅಲ್ಲಿ ಮದುವೆಯಾಗುವುದು ಕೀಳಲ್ಲ. ಮದುವೆ ತಡವಾದ ಮಗಳಿಗೆ ಒಂದು ಕಾಯಕವಿರಲಿ; ಮನೆಯಲ್ಲಿ ಅವಳ ಮಾತಿಗೆ ಬೆಲೆಯಿರಲಿ. ಮಗಳು ಕಾಣೆಯಾದರೆ ಅಂದೇ ದೂರು ಕೊಡಿ. ಓಡಿಹೋದಳೆಂದು ತೀರ್ಮಾನಿಸಿ ಬಾಗಿಲು ಮುಚ್ಚಬೇಡಿ. ಅವಳು ಜೀವಂತವಾಗಿದ್ದರೆ ಆ ಬಾಗಿಲೇ ಅವಳಿಗೆ ದಾರಿ.

ಒಡವೆ ಕಳಚಿ, ಹೆಸರಿಲ್ಲದೆ ಮಣ್ಣಾದ ಆ ಮಕ್ಕಳನ್ನು ನಮ್ಮ ಮಕ್ಕಳೆಂದೇ ನೆನೆದು ಇಂದಿನ ಪೂಜೆಯಲ್ಲಿ ಒಂದು ಹೂವು ಏರಿಸೋಣ.